ಒಂದೇ ಮನೆಯ ಇಬ್ಬರು ರಂಗನಾಥರು

ಮನೆಯಲ್ಲಿರುವ ಎರಡು ಕಂಪ್ಯೂಟರುಗಳ ನಡುವೆ ವೈರು ಎಳೆದು ಫೈಲು ದಾಟಿಸಬೇಕೆನ್ನುವವರು ನನ್ನನ್ನು ಕೇಳಬಹುದು. ಸಲಹೆ ಪುಕ್ಕಟೆ. ಹಾನುಬಾಳಿನಲ್ಲಿ ಆ ಕೆಲಸ ಮೊದಲು ಮಾಡಿದವನು ನಾನೇ. ಮೊದಲು ಕೆಡಿಸಿದವರೂ ಇವರೇ ಎಂದು ನನ್ನ ಹೆಂಡತಿ ಪುಷ್ಪಾ ಸೇರಿಸುತ್ತಾಳೆ. ಆ ವಿವರಕ್ಕೆ ಆಮೇಲೆ ಬರುತ್ತೇನೆ.

ಜೀಪಿನ ಕ್ಲೀನರ್ ಆಗಿ ಶುರು ಮಾಡಿ ಸ್ವಂತ ಅಂಗಡಿ ಹಾಕಿದವನು ನಾನು. ಹಳೇ ಸ್ಪ್ರೇಯರು, ಪಂಪ್‌ಸೆಟ್ಟು ಕೊಂಡು ರಿಪೇರಿ ಮಾಡಿ ಮಾರುತ್ತೇನೆ. ಮುಂದೆ ಅಂಗಡಿ, ಹಿಂದೆ ಮನೆ. ಎರಡು ಸಾವಿರದ ಒಂದೋ ಎರಡೋ ಇಸವಿಯಲ್ಲಿ ಹತ್ತಿರದ ಎಸ್ಟೇಟಿನ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯವೆರಡನ್ನೂ ಒಟ್ಟಿಗೆ ಕೇಳಿದೆ. ಅಲ್ಲಿಯ ರೈಟರ್, ಎಂದರೆ ಆಫೀಸಿನ ಗುಮಾಸ್ತ ಶಿವಪ್ಪ, ಬೆಳಗಿನಿಂದ ಊಟದ ಹೊತ್ತಿನವರೆಗೆ ನನ್ನೊಡನೆ ಚೌಕಾಸಿ ಮಾಡಿ ಸೋತು ಕೈಮುಗಿದರು. ಆ ಕೈ ಬಿಡುವ ಮೊದಲೇ ಪ್ರಿಂಟರನ್ನು ಕೊಸರಾಗಿ ಎತ್ತಿಕೊಂಡೆ. ವ್ಯಾಪಾರ ಕಲಿಯುವವರು ಗಮನಿಸಿ: ಕೊಸರನ್ನು ಕೇಳಬಾರದು, ಎತ್ತಿಕೊಳ್ಳಬೇಕು.

ಒಂದು ಕಂಪ್ಯೂಟರ್ ಅಂಗಡಿಗೆ, ಇನ್ನೊಂದು ಒಳಗೆ ಪುಷ್ಪಾಳಿಗೆ. ಅವಳು ಕನ್ನಡ ಟೈಪಿಂಗ್ ಕಲಿತವಳು. ಕಲಿಯಲು ಹಟ ಹಿಡಿದು ಕಳಿಸಿದವರು ನಮ್ಮೂರ ಶಾಲೆಯ ಲಲಿತಮ್ಮ ಟೀಚರು. ಆ ಟೀಚರು ಈಗ ನಿವೃತ್ತರಾಗುವವರಿದ್ದರು. ಶನಿವಾರ ಬೀಳ್ಕೊಡುಗೆ. ಪುಷ್ಪಾ ಎರಡು ತಿಂಗಳು ಮನೆಮನೆ ತಿರುಗಿ ಹಳೇ ವಿದ್ಯಾರ್ಥಿಗಳಿಂದ ಲೇಖನ ಬರೆಸಿ, ಇಪ್ಪತ್ತು ಪುಟದ ಪುಸ್ತಿಕೆ ಸಿದ್ಧ ಮಾಡಿದ್ದಳು. ಒಳಗಿನ ಮೊದಲ ಪುಟದಲ್ಲಿ ‘ಸಂಪಾದಕಿ: ಪುಷ್ಪಾ’ ಎಂದಿತ್ತು. ಹತ್ತನೇ ಕ್ಲಾಸಿಗೆ ಓದು ಬಿಟ್ಟವಳ ಹೆಸರು ಅಚ್ಚಿನಲ್ಲಿ ಕಾಣುವುದು ಅದೇ ಮೊದಲು. ಅವಳ ಆಸೆಯೆಲ್ಲ ಆ ಪುಸ್ತಿಕೆಯಲ್ಲಿತ್ತು.

ಪುಸ್ತಿಕೆ ಒಳಗಿನ ಕಂಪ್ಯೂಟರಿನಲ್ಲಿತ್ತು, ಪ್ರಿಂಟರು ಅಂಗಡಿಯಲ್ಲಿತ್ತು. ಮೊದಲೊಮ್ಮೆ ಅಕ್ಷರ ಹೇಗೆ ಬರುತ್ತದೆಂದು ನೋಡಲು ಹಸಿ ಕರಡನ್ನು ಫ್ಲಾಪಿಯಲ್ಲಿ ಅಂಗಡಿಗೆ ತಂದಿದ್ದೆವು. ಆಮೇಲೆ ಫ್ಲಾಪಿ ಹಾಕುವ ಬಾಯಿ ಕೆಟ್ಟಿತು. ನಾನು ರಿಪೇರಿ ಮಾಡಿದೆ. ಪೂರ್ತಿ ಕೆಟ್ಟಿತು.

“ಪ್ರಿಂಟರ್ನೇ ಒಳಕ್ಕೆ ತಂದು ಮಡಗಿ ಕಣ್ರೀ. ಹತ್ತು ಹೆಜ್ಜೆ ಐತೆ” ಎಂದಳು ಪುಷ್ಪಾ.

“ಅಂಗಡೀಲಿ ಪ್ರಿಂಟರ್ ಕಂಡ್ರೆ ಗಿರಾಕಿಗೆ ಒಂದು ಭಯ ಭಕ್ತಿ ಇರ್ತದೆ. ವೈರ್ ಎಳೀತೀನಿ ಬಿಡು. ಫೈಲು ತಾನೇ ನಡ್ಕೊಂಡು ಬರ್ತದೆ.”

“ಮಿಕ್ಸಿ ಕಥೆ ಆಗ್ದಿದ್ರೆ ಸಾಕು.”

ಮಿಕ್ಸಿಯ ವಿಷಯ ಇಲ್ಲಿ ಅಪ್ರಸ್ತುತ.

ಶಿವಪ್ಪನವರ ಬಳಿ ಹೋಗಿ ಎರಡು ನೆಟ್‌ವರ್ಕ್ ಕಾರ್ಡು, ಒಂದು ಕೇಬಲ್ಲು ಕೇಳಿದೆ. ಆಫೀಸಿನಲ್ಲಿ ಇಂಥದೇ ಜೋಡಣೆ ಮಾಡಿದ್ದವರು ಅವರು. ಕೊಡುತ್ತಾ, “ರಾಜಪ್ಪ, ಹೆಸ್ರಿಡೋ ವಿಷ್ಯ ಒಂದೈತೆ, ಕೇಳ್ಕಂಡೋಗು” ಎಂದರು. ನಾನು ಆಗ ಕೇಬಲ್ಲಿನ ಜೊತೆ ಒಂದು ಮೌಸು ಕೊಸರಾಗಿ ಬರುತ್ತದೆಯೇ ಎಂದು ನೋಡುತ್ತಿದ್ದೆ. “ಹೆಸ್ರಿಡಾಕೆ ನಂಗೊತ್ತಿಲ್ವಾ ಮಾರಾಯ್ರೆ, ಎರಡು ಮಕ್ಕಳಿಗಿಟ್ಟಿಲ್ವಾ” ಎಂದು ಮೌಸಿನೊಂದಿಗೆ ಹೊರಟುಬಂದೆ.

ಗುರುವಾರ ಗೋಡೆ ಕೊರೆದೆ. ಅಂಗಡಿಯ ಕಡೆಯಿಂದ ಅಳತೆ ಮಾಡಿದ್ದು ಕರಾರುವಾಕ್ಕಾಗಿತ್ತು. ಆದರೂ ತೂತು ಅಡುಗೆಮನೆಯ ಉಪ್ಪಿನಕಾಯಿ ಭರಣಿಯ ಹಿಂದೆ ಹೊರಬಿತ್ತು.

“ಉಪ್ಪಿನಕಾಯ್ಗೂ ಒಂದು ಕಂಪ್ಯೂಟರ್ ಕೊಡ್ಸೀರಾ?” ಎಂದು ಒಳಗಿನಿಂದ ದನಿ ಬಂತು.

ಎರಡನೆಯ ತೂತು ಸರಿಯಾದ ಕೋಣೆಗೇ ಹೋಯಿತು. ವೈರು ದಾಟಿತು. ಕಾರ್ಡಿನ ಪುಟ್ಟ ದೀಪ ಹಸಿರಾಗಿ ಹೊತ್ತಿತು. ಎದುರುಗಡೆಯ ಟೈಲರ್ ಕಾಂತಣ್ಣ ಹೊಲಿಗೆ ನಿಲ್ಲಿಸಿ ಬಂದು ಬಗ್ಗಿ ನೋಡಿ, “ಭೇಷ್, ಮಿಣಮಿಣ ಅಂತೈತೆ. ಇದರಿಂದ ಏನಾಯ್ತದೆ?” ಎಂದ. ವಿವರಿಸಿದೆ. “ಅಷ್ಟಕ್ಕೆ ಗೋಡೆ ಯಾಕೋ ಕೊರ್ದೆ, ಪ್ರಿಂಟರ್ ಎತ್ತಿಡೋಕೆ ನಾನೂ ಒಂದು ಕೈ ಕೊಡ್ತಿದ್ನಲ್ಲ” ಎಂದ. ಕೆಲವರಿಗೆ ತಾಂತ್ರಿಕ ವಿಷಯ ತಲೆಗೆ ಹತ್ತುವುದಿಲ್ಲ.

ಇನ್ನು ನಾಮಕರಣ. ಪ್ರತಿ ಕಂಪ್ಯೂಟರಿಗೂ ಒಂದು ಹೆಸರು ಕೊಡಿ ಎಂದು ಪರದೆ ಕೇಳುತ್ತಿತ್ತು. ನಮ್ಮ ಮನೆದೇವರು ರಂಗನಾಥ. ನನ್ನ ಜೀಪಿನ ಗಾಜಿನ ಮೇಲೆ ರಂಗನಾಥ, ಅಂಗಡಿಯ ಬೋರ್ಡಿನಲ್ಲಿ ರಂಗನಾಥ, ಮನೆಯ ಬಾಗಿಲಿನ ಮೇಲೆ ರಂಗನಾಥ. ನಾನು ಮಾರುವ ಪಂಪ್‌ಸೆಟ್ಟಿನ ಮೇಲೂ ಬಣ್ಣದಲ್ಲಿ ಬರೆಸುತ್ತೇನೆ. ಹಾಗಿರುವಾಗ ಕಂಪ್ಯೂಟರಿಗೆ ಬೇರೆ ಹೆಸರು ಎಲ್ಲಿಂದ ತರಲಿ? ಅಂಗಡಿಯದಕ್ಕೆ ರಂಗನಾಥ ಎಂದಿಟ್ಟೆ. ಒಳಗಿನದಕ್ಕೂ ರಂಗನಾಥ ಎಂದಿಟ್ಟೆ. ದೇವರಲ್ಲಿ ಭೇದ ಮಾಡುವ ಜಾಯಮಾನ ನನ್ನದಲ್ಲ.

ಒಳಗಿನ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುವಂತೆ ಪುಷ್ಪಾಳಿಗೆ ಕೂಗಿ ಹೇಳಿದೆ.

“ಏನೋ ಡಬ್ಬಿ ಬಂತು ಕಣ್ರೀ. ಇಂಗ್ಲಿಷ್ನಾಗೆ ಐತೆ.”

“ಏನಂತೆ?”

“ಈ ಹೆಸ್ರು ಆಗ್ಲೇ ಐತಂತೆ.”

“ಐತಲ್ಲ. ನಾನೇ ಕೊಟ್ಟಿದ್ದು. ಗುರುತು ಹಿಡಿದೈತೆ ಅಂತಾಯ್ತು. ಓಕೆ ಒತ್ತು.”

ಅವಳು ಓಕೆ ಒತ್ತಿದಳು. ಆ ಕ್ಷಣದಲ್ಲಿ ಒಳಗಿನ ರಂಗನಾಥ ಮುನಿಸಿಕೊಂಡು ನೆಟ್‌ವರ್ಕಿನಿಂದ ಹೊರಗೆ ನಡೆದಿದ್ದ. ಅದು ನನಗೆ ತಿಳಿದದ್ದು ಆಮೇಲೆ.

ಅಂಗಡಿಯ ಪರದೆಯಲ್ಲಿ ನೆರೆಹೊರೆಯ ಕಂಪ್ಯೂಟರುಗಳನ್ನು ತೋರಿಸುವ ಚಿತ್ರ ಒತ್ತಿದೆ. ರಂಗನಾಥ ಕಾಣಿಸಿದ. ಒಬ್ಬನೇ. ನನ್ನ ತರ್ಕ ಸ್ಪಷ್ಟವಾಗಿತ್ತು: ನಾನು ಕೂತಿರುವ ಕಂಪ್ಯೂಟರು ತನ್ನನ್ನೇ ತಾನು ನೆರೆಯವನೆಂದು ತೋರಿಸಿಕೊಳ್ಳುವುದೇ? ಇಲ್ಲ. ಆದ್ದರಿಂದ ಕಂಡವನು ಒಳಗಿನವನೇ. ಒಳಹೊಕ್ಕೆ. ‘ಲಲಿತಮ್ಮ’ ಎಂಬ ಫೋಲ್ಡರಿತ್ತು. ಅದರಲ್ಲಿ ಪುಸ್ತಿಕೆ ಇತ್ತು. “ಬಂತು!” ಎಂದು ಕೂಗಿ ಪ್ರಿಂಟ್ ಒತ್ತಿದೆ. ಪುಷ್ಪಾ ಕೈ ಒರೆಸಿಕೊಳ್ಳುತ್ತಾ ಬಾಗಿಲವರೆಗೆ ಬಂದು, ಬಂದ ಮೊದಲ ಪುಟದಲ್ಲಿ ತನ್ನ ಹೆಸರು ನೋಡಿ ನಕ್ಕು ಒಳಗೆ ಹೋದಳು. ಆ ನಗುವಿಗಾಗಿ ಇನ್ನೂ ನಾಲ್ಕು ಗೋಡೆ ಕೊರೆಯಬಹುದಿತ್ತು.

ಶುಕ್ರವಾರ ಆ ಪ್ರತಿಯನ್ನು ಜೀಪಿನಲ್ಲಿ ಸಕಲೇಶಪುರಕ್ಕೆ ಒಯ್ದು ಅರವತ್ತು ಜೆರಾಕ್ಸ್ ಮಾಡಿಸಿ, ಬಣ್ಣದ ಹೊದಿಕೆ ಹಾಕಿಸಿ ತಂದೆ. ಪುಟ ಬಿಚ್ಚಿ ನೋಡಲಿಲ್ಲ. ಹೆಂಡತಿಯ ಬರಹವನ್ನು ಪರೀಕ್ಷಿಸುವಷ್ಟು ಅಪನಂಬಿಕೆಯ ಗಂಡ ನಾನಲ್ಲ.

ಶನಿವಾರ ಬೆಳಗ್ಗೆ ಪುಷ್ಪಾ ಬಿಚ್ಚಿ ನೋಡಿದಳು.

“ರೀ, ಇದೇನು ತಂದಿದ್ದೀರಾ? ತಿಂಗಳ ಹಿಂದಿನ ಹಸಿ ಕರಡಲ್ವಾ ಇದು?”

ಮೂರನೇ ಪುಟದಲ್ಲಿ, ‘ಟೀಚರು ಹುಟ್ಟಿದ್ದು ಕುಂದೂರಿನಲ್ಲಿ’ ಎಂದು ಬರೆದು ಮುಂದೆ ಕಂಸದಲ್ಲಿ ‘ಆಲೂರೋ ಏನೋ, ಕೇಳಬೇಕು’ ಎಂದಿತ್ತು. ಏಳನೇ ಪುಟದಲ್ಲಿ, ‘ಈ ಲೇಖನ ಉದ್ದ ಆಯಿತು, ಬೇಜಾರು ಮಾಡಿಕೊಳ್ಳದ ಹಾಗೆ ಕತ್ತರಿಸಬೇಕು’ ಎಂದಿತ್ತು. ಒಂಬತ್ತನೇ ಪುಟ ಖಾಲಿ. ಮೇಲೆ ‘ಇಲ್ಲಿ ನನ್ನ ಲೇಖನ’ ಎಂದಷ್ಟೇ ಇತ್ತು. ನಾನು ನನ್ನ ಕಂಪ್ಯೂಟರಿನಿಂದ ನನ್ನ ಕಂಪ್ಯೂಟರಿಗೇ, ಹತ್ತು ಮೀಟರ್ ವೈರು ಎಳೆದು, ಹಿಂದೆ ಫ್ಲಾಪಿಯಲ್ಲಿ ಬಂದಿದ್ದ ಹಳೇ ಕರಡನ್ನು ಯಶಸ್ವಿಯಾಗಿ ತರಿಸಿಕೊಂಡಿದ್ದೆ.

ಪುಷ್ಪಾ ಬೈಯಲಿಲ್ಲ. ಅದೇ ಹೆದರಿಕೆ. ಅಂಗಡಿಗೆ ಬಂದಳು, ಪ್ರಿಂಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಹತ್ತು ಹೆಜ್ಜೆ ನಡೆದಳು, ಒಳಗೆ ಇಟ್ಟಳು. ಸರಿಯಾದ ಪ್ರತಿ ಹೊರಬರತೊಡಗಿತು. ಆದರೆ ಹನ್ನೊಂದು ಗಂಟೆಗೆ ಸಮಾರಂಭ. ಸಕಲೇಶಪುರಕ್ಕೆ ಹೋಗಿಬರುವಷ್ಟು ಹೊತ್ತಿರಲಿಲ್ಲ.

“ಸರಿಯಾದ್ದು ಟೀಚರಿಗೆ ಕೊಡಾಣ. ನನ್ನ ಲೇಖನ ನಿಂತ್ಕಂಡು ಓದ್ತೀನಿ. ಉಳಿದಿದ್ರಲ್ಲಿ ಕಂಸದಾಗಿರೋದನ್ನೆಲ್ಲ ಕಪ್ಪು ಪೆನ್ನಲ್ಲಿ ಹೊಡೀಬೇಕು. ಮೊದಲ ಹತ್ತು ಪುಟ ನಂದು, ಕೊನೇ ಹತ್ತು ನಿಮ್ಮದು.”

ಶ್ರದ್ಧೆಯಿಂದ ಹೊಡೆದೆ. ಹನ್ನೊಂದರಿಂದ ಹತ್ತೊಂಬತ್ತರವರೆಗೆ ಒಂದು ಕಂಸವೂ ಉಳಿಯಲಿಲ್ಲ. ಇಪ್ಪತ್ತನೆಯದು ನನ್ನ ಅಂಗಡಿಯ ಜಾಹೀರಾತು. ನಾನೇ ಹೇಳಿ ಬರೆಸಿದ್ದು, ಬಾಯಿಪಾಠ ಬರುತ್ತಿತ್ತು. ಅದರಲ್ಲಿ ತಿದ್ದುವುದೇನಿದೆ? ಅರವತ್ತು ಪ್ರತಿಯಲ್ಲೂ ಆ ಪುಟ ಬಿಟ್ಟು ಮುಂದೆ ಹೋದೆ.

ಶಾಲೆಯ ಸಭಾಂಗಣ ತುಂಬಿತ್ತು. ನಾನೇ ನಿಂತು ಪುಸ್ತಿಕೆ ಹಂಚಿದೆ. ಪುಷ್ಪಾ ವೇದಿಕೆ ಹತ್ತಿ ತನ್ನ ಲೇಖನ ಓದಲು ಶುರು ಮಾಡಿದಳು. ಟೀಚರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಕೊನೆಯ ಸಾಲು ಮುಗಿದು ಚಪ್ಪಾಳೆಯೂ ಆಯಿತು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಸಾಲಿನಿಂದ ಸಾಲಿಗೆ ಮುಂದೆ ಬಂತು. ಎಲ್ಲರ ಕೈಯಲ್ಲೂ ಕೊನೆಯ ಪುಟ. ಕಾಂತಣ್ಣ ಎದ್ದು ನಿಂತು ಗಟ್ಟಿಯಾಗಿ ಓದಿದ:

“‘ಯಾವುದೇ ಯಂತ್ರವನ್ನು ನಿಮಿಷದಲ್ಲಿ ಸರಿಪಡಿಸುವ ತಾಲ್ಲೂಕಿನ ಏಕೈಕ ತಜ್ಞರು.’ ಕಂಸದಾಗೆ ಏನೈತೆ ಕೇಳ್ರಪ್ಪಾ. ‘ಇದನ್ನು ತೆಗೆಯಬೇಕು. ಮನೆಯ ಮಿಕ್ಸಿ ಕೆಟ್ಟು ವರ್ಷವಾಯಿತು.’”

ಸಭಾಂಗಣದ ಹೆಂಚು ಹಾರುವಂತೆ ನಕ್ಕರು. ಪುಷ್ಪಾ ಬಾಯಿಗೆ ಕೈ ಇಟ್ಟುಕೊಂಡಳು. ಬರೆದದ್ದನ್ನು ಅವಳೂ ಮರೆತಿದ್ದಳು. ಲಲಿತಮ್ಮ ಟೀಚರು ಮೈಕಿನ ಮುಂದೆ ಬಂದು, “ರಾಜಪ್ಪ, ಎದ್ದು ನಿಂತ್ಕೊ” ಎಂದರು. ನಿಂತೆ. “ಮಿಕ್ಸಿ ಈಗಲಾದ್ರೂ ಸರಿ ಆಯ್ತೇನಪ್ಪ?”

“ಪಾರ್ಟು ಬರ್ಬೇಕು ಟೀಚರ್” ಎಂದೆ.

ಟೀಚರು ಮನೆಗೆ ಹೋಗುವಾಗ ಸರಿಯಾದ ಪ್ರತಿಯ ಜೊತೆಗೆ ಕರಡಿನದೂ ಒಂದು ಕೇಳಿ ಪಡೆದರು. “ಪುಷ್ಪಾ ಹೆಂಗೆ ಕಷ್ಟಪಟ್ಟಳು ಅಂತ ಇದರಲ್ಲೇ ಕಾಣ್ತದೆ” ಎಂದರಂತೆ. ಊರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಜನ ಓದಿದ ಪುಸ್ತಿಕೆ ಅದೊಂದೇ ಇರಬೇಕು. ಪುಷ್ಪಾಳಿಗೆ ಮುಂದಿನ ವಾರವೇ ಟೈಪು ಮಾಡಿಕೊಡಲು ಎರಡು ಲಗ್ನಪತ್ರಿಕೆ ಬಂದವು. ನನ್ನ ಅಂಗಡಿಗೂ ಗಿರಾಕಿಗಳು ಬರುತ್ತಾರೆ. ಪಂಪ್‌ಸೆಟ್ಟು ಇಳಿಸುವ ಮೊದಲು ಮಿಕ್ಸಿಯ ಆರೋಗ್ಯ ವಿಚಾರಿಸುತ್ತಾರೆ.

ಶಿವಪ್ಪ ಬಂದು ನೋಡಿ, “ಇಬ್ಬರಿಗೂ ಒಂದೇ ಹೆಸ್ರು ಇಟ್ರೆ ಒಬ್ಬ ಹೊರಗೋಗ್ಬುಡ್ತಾನೆ ಕಣಣ್ಣ. ಅದ್ನೇ ಅವತ್ತು ಹೇಳಕ್ಕೆ ಹೊಂಟಿದ್ದೆ, ನೀನು ಮೌಸ್ ಹಿಡ್ಕಂಡು ಓಡ್ದೆ” ಎಂದರು. ಒಂದಕ್ಕೆ ಬೇರೆ ಹೆಸರು ಕೊಡಬೇಕಾಯಿತು. ಪುಷ್ಪಾ ತಾನೇ ಕೂತು ಟೈಪು ಮಾಡಿದಳು.

ಈಗ ನಮ್ಮ ಮನೆಯ ನೆಟ್‌ವರ್ಕು ಸೊಗಸಾಗಿ ನಡೆಯುತ್ತಿದೆ. ಸಲಹೆ ಬೇಕಾದವರು ಬಂದು ನೋಡಬಹುದು. ನೆರೆಹೊರೆಯ ಚಿತ್ರ ಒತ್ತಿದರೆ ಇಬ್ಬರೂ ಕಾಣುತ್ತಾರೆ. ಒಳಗೆ, ಪ್ರಿಂಟರಿನ ಪಕ್ಕದಲ್ಲಿರುವವನು ರಂಗನಾಥ. ಅಂಗಡಿಯಲ್ಲಿರುವ ನನ್ನದರ ಹೆಸರು ಮಿಕ್ಸಿ.