ಅಪ್ಪನ ಸೈಕಲ್ಲು ಮತ್ತು ಹಿತ್ತಾಳೆ ಸ್ಟೋವು

ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆ ಇರುತ್ತದೆ. ನನಗಿರುವ ಕಾಯಿಲೆಗೆ ವೈದ್ಯರು ಇನ್ನೂ ಹೆಸರಿಟ್ಟಿಲ್ಲ. ಟಿವಿಯಲ್ಲಿ ಹಳೆಯ ಕಾಲದ ಧಾರಾವಾಹಿ ಬಂದರೆ ನನಗೆ ಅದರಲ್ಲಿರುವ ಮನುಷ್ಯರು ಕಾಣುವುದಿಲ್ಲ. ಅವರ ಹಿಂದಿರುವ ಫ್ಯಾನು, ಸ್ಟೋವು, ಇಸ್ತ್ರಿಪೆಟ್ಟಿಗೆಗಳಷ್ಟೇ ಕಾಣುತ್ತವೆ. ಒಂದು ರಾತ್ರಿ, ಸ್ವಾತಂತ್ರ್ಯ ಬಂದ ಹೊಸತರ ಕಥೆಯೊಂದರಲ್ಲಿ ನಾಯಕಿ ಬಚ್ಚಲಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ, ಪಕ್ಕದಲ್ಲಿ ಕೆಂಪನೆಯ ಪ್ಲಾಸ್ಟಿಕ್ ಬಕೆಟ್! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನನ್ನ ಹೆಂಡತಿ ಗಿರಿಜಾ ಕಣ್ಣೊರೆಸಿಕೊಳ್ಳುತ್ತಾ, "ಅಕಿ ಗಂಡ ಮನಿ ಬಿಟ್ಟು ಹೋಗ್ಯಾನ್ರಿ, ನೀವು ಬಕೀಟು ನೋಡಾಕ ಹತ್ತೀರಲ್ಲ!" ಎಂದಳು. ಗಂಡ ಇವತ್ತಲ್ಲ ನಾಳೆ ವಾಪಸು ಬಂದಾನು, ಆದರೆ ಇತಿಹಾಸಕ್ಕೆ ಆದ ಅಪಚಾರವನ್ನು ಸರಿಪಡಿಸುವವರು ಯಾರು? ಆ ರಾತ್ರಿ ಊಟಕ್ಕೂ ಮೊದಲೇ ಧಾರಾವಾಹಿಯವರಿಗೆ ಒಂದು ಕಾರ್ಡು ಬರೆದೆ. ಆಮೇಲೆ ವಾರಕ್ಕೊಂದರಂತೆ ಬರೆದೆ.

ಇಂಥ ಕಾರ್ಡು ಬರೆಯಲು ನನಗೇನು ಅರ್ಹತೆ ಎಂದು ನೀವು ಕೇಳಬಹುದು. ನಾನು ನಲವತ್ತೊಂಬತ್ತು, ಐವತ್ತರ ಸುಮಾರಿಗೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದವನು. ಆಗಿನ್ನೂ ನಮ್ಮೂರು ಮದರಾಸಿಗೆ ಸೇರಿತ್ತು. ನಮ್ಮ ಓಣಿಯಲ್ಲಿ ಕರೆಂಟು ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಎದುರುಮನೆಯ ಶೆಟ್ಟರ ರೇಡಿಯೊಗೆ ಅಂಚೆಕಚೇರಿಯ ಲೈಸೆನ್ಸು ಇತ್ತು, ಕಸೂತಿ ಹಾಕಿದ ಒಂದು ಹೊದಿಕೆಯೂ ಇತ್ತು. ಶೆಟ್ಟರ ಮಕ್ಕಳಿಗೆ ಅಂಥ ಹೊದಿಕೆ ಇರಲಿಲ್ಲ. ನಮ್ಮ ಮನೆಯಲ್ಲಿ ಯಂತ್ರ ಎಂದು ಕರೆಯಬಹುದಾದದ್ದು ಒಂದೇ, ಗಾಳಿ ಹೊಡೆದು ಹಚ್ಚುವ ಹಿತ್ತಾಳೆಯ ಸ್ಟೋವು. ಆಯುಧಪೂಜೆಗೆ ಅದಕ್ಕೂ ವಿಭೂತಿ, ಕುಂಕುಮ. ಇವೆಲ್ಲ ನನ್ನ ಕಣ್ಣಿಗೆ ಕಟ್ಟಿದಂತಿವೆ ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ಬಂದಿದ್ದೇನೆ.

ಇನ್ನೊಂದು ಮಾತನ್ನೂ ಹೇಳಿಕೊಂಡು ಬಂದಿದ್ದೆ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಗಿರಿಜಾಳಿಗೆ ಒಂದೆರಡು ವರ್ಷದಿಂದ ಮಂಡಿನೋವು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿದುಕೊಳ್ಳುತ್ತಾಳೆ. "ನೀವರ ಈಗ ರಿಟೈರ್ ಆಗೀರಿ. ಮುಂಜಾನಿ ಕಾಫಿ ಒಂದು ನೀವು ಮಾಡಿದ್ರ ನನಗ ಒಂದು ತಾಸು ಮಲಗಾಕ ಸಿಗ್ತೈತಿ," ಎಂದು ಅವಳು ಎಷ್ಟೋ ಸಲ ಕೇಳಿದ್ದಳು. ಪ್ರತಿ ಸಲವೂ ನಾನು ಗಂಭೀರವಾಗಿ ಒಂದೇ ಉತ್ತರ ಕೊಟ್ಟಿದ್ದೆ: "ನಮ್ಮಪ್ಪ ಜೀವಮಾನದಲ್ಲಿ ಅಡಿಗಿಮನಿ ಹೊಸ್ತಿಲು ದಾಟಿದವನಲ್ಲ. ನಮ್ಮ ಮನೆತನದಾಗ ಆ ಪದ್ಧತಿ ಇಲ್ಲ." ಅಪ್ಪ ಬಟ್ಟೆ ಅಂಗಡಿಯ ಯಜಮಾನರು, ದಪ್ಪ ಮೀಸೆಯ ಮಿತಭಾಷಿ. ಅಂಥವರ ಹೆಸರು ಹೇಳಿದ ಮೇಲೆ ಮಾತು ಬೆಳೆಸುವಂತಿರಲಿಲ್ಲ. ಗಿರಿಜಾ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು, ನಾನು ಪೇಪರು ಬಿಡಿಸುತ್ತಿದ್ದೆ.

ಹೀಗಿರುವಾಗ ನನ್ನ ಕಾರ್ಡುಗಳಿಗೆ ಉತ್ತರ ಬಂತು. ಉತ್ತರವೆಂದರೆ ಸ್ವತಃ ನಿರ್ದೇಶಕರೇ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆ ಹುಡುಕಿಕೊಂಡು ಬಂದರು. ಹೊಸ ಧಾರಾವಾಹಿಯ ಕಥೆ ಬಳ್ಳಾರಿಯದೇ, ಸಾವಿರದ ಒಂಬೈನೂರ ಐವತ್ತರದೇ. ಕುರುಗೋಡಿನಲ್ಲಿ ಒಂದು ಹಳೆಯ ಮನೆ ಬಾಡಿಗೆಗೆ ಸಿಕ್ಕಿದೆ. "ನೀವೇ ನಮಗೆ ಸಲಹೆಗಾರರಾಗಬೇಕು ಸರ್. ಇಲ್ಲದಿದ್ದರೆ ನಿಮ್ಮ ಕಾರ್ಡು ಓದಲು ಒಬ್ಬರನ್ನು ನೇಮಿಸಬೇಕಾಗುತ್ತದೆ," ಎಂದರು. ಕೊನೆಯ ವಾಕ್ಯವನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ಅಟ್ಟದಿಂದ ಸ್ಟೋವು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿಸಿ (ತಿಕ್ಕಿದವಳು ಗಿರಿಜಾ) ಅವರ ಕೈಗಿಟ್ಟೆ. ಯಾವುದು ಎಲ್ಲಿರಬೇಕು ಎಂದು ನಕಾಶೆ ಬರೆದುಕೊಟ್ಟೆ. ಅಡುಗೆಮನೆಯ ಮೂಲೆಯಲ್ಲಿ ಅವ್ವ ಸ್ಟೋವಿಗೆ ಗಾಳಿ ಹೊಡೆಯುತ್ತಿರಬೇಕು. ಪಡಸಾಲೆಯಲ್ಲಿ ಅಪ್ಪ ಪೇಪರು ಹಿಡಿದು ಕಾಫಿಗೆ ಕಾಯುತ್ತಿರಬೇಕು. ಪಡಸಾಲೆಯ ಗೋಡೆಗೆ ಅವರ ಸೈಕಲ್ಲು ಒರಗಿರಬೇಕು. ಬೆಳಗಿನ ನಿದ್ದೆಗಣ್ಣಿನಲ್ಲಿ ಅಪ್ಪ ಸೈಕಲ್ಲಿಗೆ ಪಂಪು ಹೊಡೆಯುವ ಪುಸ್, ಪುಸ್ ಸದ್ದನ್ನು ನಾನು ದಿನವೂ ಕೇಳಿದವನು. ಆ ಸದ್ದೂ ಬರಬೇಕು ಎಂದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ.

ಶೂಟಿಂಗಿನ ದಿನ ಗಿರಿಜಾಳನ್ನೂ ಕರೆದುಕೊಂಡು ಕುರುಗೋಡಿಗೆ ಹೋದೆ. ನನ್ನ ಪ್ರತಾಪವನ್ನು ನೋಡಲು ಒಬ್ಬಳು ಸಾಲದೆಂದು ಸಿರುಗುಪ್ಪದ ಹತ್ತಿರ ದೇಶನೂರಿನಲ್ಲಿರುವ ನನ್ನ ಅಕ್ಕ ನೀಲಕ್ಕನಿಗೂ ಹೇಳಿಕಳಿಸಿದ್ದೆ. ನನಗಿಂತ ಎಂಟು ವರ್ಷ ದೊಡ್ಡವಳು. ಭತ್ತದ ಕೊಯ್ಲನ್ನೂ ಬಿಟ್ಟು ಬಂದಳು. ಬಂದವಳು ಪಡಸಾಲೆಯಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೊದಲು ಕೇಳಿದ್ದೇ, "ತಮ್ಮಾ, ಈ ಸೈಕಲ್ ಯಾರ್ದಲೇ?"

"ಅಪ್ಪಂದು."

"ಅಪ್ಪಗ ಸೈಕಲ್ ಎಲ್ಲಿತ್ತು? ಅವಂಗ ಹೊಡ್ಯಾಕ ಬರ್ತಿದ್ದಿಲ್ಲ. ಅಂಗಡಿಗೆ ನಡಕೊಂತ ಹೋಗ್ತಿದ್ದ."

"ದಿನಾ ಮುಂಜಾನಿ ಪಂಪ್ ಹೊಡಿತಿದ್ದನಲ್ಲ ಅಕ್ಕಾ. ನಾನ ಕೇಳೀನಿ."

ನೀಲಕ್ಕ ನನ್ನನ್ನು ಕನಿಕರದಿಂದ ನೋಡಿದಳು. ಆಮೇಲೆ ಅಡುಗೆಮನೆಯೊಳಗೆ ಬಗ್ಗಿ ನೋಡಿದಳು. ಅಲ್ಲಿ ಅವ್ವನ ಪಾತ್ರದ ನಟಿ ನಮ್ಮ ಸ್ಟೋವಿನ ಮುಂದೆ ಕುಳಿತಿದ್ದಳು. "ಅಯ್ಯ, ಸ್ಟೋವ್ ಒಳಗ ಯಾರಿಟ್ಟರು? ದೇವರಿಗೆ ಎಡಿ ಮಾಡೋ ಒಲಿ ಹತ್ರ ಸೀಮೆಣ್ಣಿ ವಾಸನಿ ಬರಬಾರದು ಅಂತ ಅವ್ವ ಅದನ್ನ ಒಳಗ ತರಾಕನ ಬಿಡ್ತಿದ್ದಿಲ್ಲ. ಪಡಸಾಲ್ಯಾಗ ಇರ್ತಿತ್ತು. ಅವ್ವಗ ದಮ್ಮು, ಮುಂಜಾನಿ ಎದ್ದು ಹೊಗ್ಯಾಗ ಒಲಿ ಊದಾಕ ಆಗ್ತಿದ್ದಿಲ್ಲ. ಅಪ್ಪ ಆ ಸ್ಟೋವ್ ತಂದಿದ್ದ ಅದಕ್ಕ. ಐದೂವರಿಗೆ ಎದ್ದು, ತಾನ ಗಾಳಿ ಹೊಡದು, ಕಾಫಿ ಮಾಡಿ, ಅಕಿ ಹಾಸಿಗಿ ತನಕ ಒಯ್ದು ಕೊಡ್ತಿದ್ದ. ನೀ ಏಳ್ತಿದ್ದದ್ದು ಏಳಕ್ಕ. ನಿನಗೇನು ಗೊತ್ತು?"

ಅಪ್ಪ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ, ನಿಜ. ಸ್ಟೋವೇ ಹೊರಗಿದ್ದ ಮೇಲೆ ದಾಟುವ ಪ್ರಮೇಯವೇ ಬರಲಿಲ್ಲ! ಐವತ್ತು ವರ್ಷ ನಾನು ಸೈಕಲ್ಲಿನ ಸದ್ದು ಎಂದುಕೊಂಡದ್ದು ಅವ್ವನಿಗಾಗಿ ಕಾಫಿ ಆಗುತ್ತಿದ್ದ ಸದ್ದು. ಆ ಮೀಸೆಯ ಮನುಷ್ಯ ಸ್ಟೋವಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತದ್ದನ್ನು ಊಹಿಸಿಕೊಂಡೆ. ಎದ್ದು ಒಂದು ದಿನವಾದರೂ ನೋಡಬಾರದಿತ್ತೆ ಎಂದು ಬಹಳ ಸಂಕಟವಾಯಿತು. ಅಷ್ಟರಲ್ಲಿ ಬೆನ್ನಿಗೆ ಏನೋ ಬಿಸಿ ತಾಗಿದಂತಾಗಿ ತಿರುಗಿದೆ. ಗಿರಿಜಾ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿರ್ದೇಶಕರು ಬಂದು ಪೇಚಾಡಿದರು. "ಸರ್, ಆ ಕಾಲದ ಗಂಡಸು ಕಾಫಿ ಮಾಡಿದ ಎಂದರೆ ಜನ ನಂಬುವುದಿಲ್ಲ. ನಿಮ್ಮ ನಕಾಶೆಯಂತೆಯೇ ತೆಗೆದುಬಿಡೋಣವೇ? ನೀವು ಹೂಂ ಎಂದರೆ ಸಾಕು." ಹೂಂ ಎಂದರೆ ಸಾಕು! ನನ್ನ ಮಾನವೂ ಉಳಿಯುತ್ತಿತ್ತು, ಮನೆತನದ ಪದ್ಧತಿಯೂ ಉಳಿಯುತ್ತಿತ್ತು. ನೀಲಕ್ಕನಿಗೆ ವಯಸ್ಸಾಯಿತು, ಮರೆವು ಎಂದು ತಳ್ಳಿಹಾಕಲು ನಾಲಿಗೆಯ ತುದಿಗೆ ಮಾತೂ ಬಂದಿತ್ತು. ಆದರೆ ಒಂದು ಪ್ಲಾಸ್ಟಿಕ್ ಬಕೆಟ್ಟಿಗಾಗಿ ಕುರ್ಚಿಯಿಂದ ಎದ್ದವನು ನಾನು. "ಸೈಕಲ್ ತೆಗೀರಿ. ಸ್ಟೋವು ಪಡಸಾಲ್ಯಾಗ ಇಡ್ರಿ. ಅಪ್ಪನ್ನ ಕೂಡ್ರಸ್ರಿ ಅದರ ಮುಂದ," ಎಂದೆ. ಗಾಳಿ ಹೊಡೆಯುವ ಪದ್ಧತಿಯನ್ನು ನಟನಿಗೆ ಕಲಿಸಿದವಳು ನೀಲಕ್ಕ. ಸಲಹೆಗಾರರಿಗೆ ಅದು ಬರುತ್ತಿರಲಿಲ್ಲ.

ಆ ಕಂತು ಪ್ರಸಾರವಾದ ವಾರಕ್ಕೆ ಸಿರುಗುಪ್ಪದ ವೀಕ್ಷಕರೊಬ್ಬರ ಕಾರ್ಡನ್ನು ನಿರ್ದೇಶಕರು ನನಗೆ ಕಳಿಸಿಕೊಟ್ಟರು. "ಸ್ಟೋವು ಸರಿಯಾಗಿದೆ, ಅದರ ತೂತು ಚುಚ್ಚುವ ಪಿನ್ನು ಕೂಡ ಸರಿಯಾಗಿದೆ. ಆದರೆ ಐವತ್ತರಲ್ಲಿ ಯಾವ ಗಂಡಸು ಹೆಂಡತಿಗೆ ಕಾಫಿ ಮಾಡಿಕೊಟ್ಟಿದ್ದ? ನಿಮ್ಮ ಸಲಹೆಗಾರನಿಗೆ ಆ ಕಾಲದ ಗಂಧಗಾಳಿಯೂ ಇಲ್ಲ" ಎಂದಿತ್ತು. ನನ್ನದೇ ಧಾಟಿ, ನನ್ನದೇ ಸಿಟ್ಟು. ಆ ಮಹಾಶಯರ ಹೆಂಡತಿಯ ಮಂಡಿ ಹೇಗಿದೆಯೋ ಎಂದು ಕೇಳಿ ಉದ್ದನೆಯ ಉತ್ತರ ಬರೆಯಬೇಕೆಂದು ಮರುದಿನ ಬೆಳಿಗ್ಗೆಯೇ ಪೆನ್ನು ಹಿಡಿದೆ. ಎರಡು ಸಾಲು ಆಗಿರಲಿಲ್ಲ, ಒಳಕೋಣೆಯ ಹಾಸಿಗೆಯಿಂದ ಗಿರಿಜಾ ಕೂಗಿದಳು:

"ಬರಿಯೋದು ಆಮ್ಯಾಲಿರಲಿ, ಹಾಲು ಉಕ್ಕಾಕ ಹತ್ತೈತಿ ನೋಡ್ರಿ!"