ಮಾವನ ತೂತಿನ ಪೆಟ್ಟಿಗೆ

ನಮ್ಮ ಸೋದರಮಾವ ದೇವರನ್ನು ನಂಬುತ್ತಾನೆ, ಹೆಂಡತಿಯನ್ನು ನಂಬುತ್ತಾನೆ, ತೂತಿಲ್ಲದ ಪೆಟ್ಟಿಗೆಯನ್ನು ಮಾತ್ರ ಸುತರಾಂ ನಂಬುವುದಿಲ್ಲ! ಕಾರಿನ ಡಿಕ್ಕಿಯಲ್ಲಿ ಕೂತು ಎದೆ ನಡುಗಿಸುತ್ತದಲ್ಲ, ಆ ಸಬ್‌ವೂಫರ್ ಪೆಟ್ಟಿಗೆಯ ಮಾತು ಹೇಳುತ್ತಿದ್ದೇನೆ. ಸ್ಪೀಕರಿನ ಪಕ್ಕ ಇನ್ನೊಂದು ತೂತು ಕೊರೆದು ಪಿವಿಸಿ ಪೈಪು ಇಳಿಸಿದರೇ ಪೆಟ್ಟಿಗೆ ಉಸಿರಾಡುವುದು ಎಂಬುದು ಅವನ ಸಿದ್ಧಾಂತ. ಪೈಪು ಉದ್ದವಾದಷ್ಟೂ ದನಿ ಕೆಳಗಿಳಿಯುತ್ತದಂತೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಇದನ್ನು ಹೇಳಿ ಮುಗಿಸಿರುತ್ತಾನೆ.

ಹೊಸಪೇಟೆಯಲ್ಲಿ ಅವನದು ಬಾಗಿಲು ಕಿಟಕಿ ಮಾಡುವ ಅಂಗಡಿ. ಅದಿರಿನ ಭರಾಟೆ ಶುರುವಾಗಿ ಸಂಡೂರಿನ ಕಡೆಯಿಂದ ಹೊಸ ಕಾರುಗಳು ದಂಡು ಕಟ್ಟಿಕೊಂಡು ಬಂದಾಗ ಬಾಗಿಲು ಕಿಟಕಿಗಳು ಮೂಲೆ ಸೇರಿ, ಅಂಗಡಿ ತುಂಬ ಸ್ಪೀಕರಿನ ಪೆಟ್ಟಿಗೆಗಳು ಎದ್ದವು. ಮೊದಲೇ ಅವನಿಗೆ ಒಂದು ಕಡೆ ಕೂರಲು ಆಗದು. ಊಟದ ನಡುವೆ ಎದ್ದು ಗೋಡೆ ತಟ್ಟುತ್ತಾನೆ, ಬೀರು ತಟ್ಟುತ್ತಾನೆ. ಒಮ್ಮೆ ಹಂಪಿಯಲ್ಲಿ ಕಲ್ಲಿನ ಕಂಬ ತಟ್ಟಿ ಕಾವಲಿನವನಿಂದ ಬೈಸಿಕೊಂಡು ಬಂದ. "ಕಂಬ ಛಲೋ ಅದಾವ. ಬೇಸ್ ಇಲ್ಲ" ಎಂದು ತೀರ್ಪು ಬೇರೆ!

ಪೆಟ್ಟಿಗೆಯೊಳಗೆ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಅಳೆಯಬೇಕಲ್ಲ? ಅದಕ್ಕೆ ಅವನಿಗೆ ಅತ್ತೆಯ ಅಕ್ಕಿಯೇ ಆಗಬೇಕು. ಕಂಪ್ಲಿಯ ತವರಿನಿಂದ ಬಂದ ಸೋನಾ ಮಸೂರಿಯನ್ನು ಸೇರಿನಲ್ಲಿ ಅಳೆದು ಪೆಟ್ಟಿಗೆಗೆ ಸುರಿಯುತ್ತಾನೆ, ಲೆಕ್ಕ ಸಿಕ್ಕ ಮೇಲೆ ವಾಪಸ್ಸು ಚೀಲಕ್ಕೆ ತುಂಬುತ್ತಾನೆ. ನಾವು ಉಂಡ ಅನ್ನದಲ್ಲಿ ಪ್ಲೈವುಡ್ಡಿನ ಪುಡಿ ಎಷ್ಟಿತ್ತೋ! ಒಮ್ಮೆ ಒಂದು ಹಿಡಿ ಅಕ್ಕಿ ಮೂಲೆಯಲ್ಲೇ ಉಳಿದುಬಿಟ್ಟಿತ್ತು. ಸಂಡೂರಿನ ಯಜಮಾನರೊಬ್ಬರು ಹೊಸ ಕಾರಿನ ಹಿಂದೆ ಬಗ್ಗಿ ನಿಂತು ಹಾಡು ಹಾಕಿಸಿದರೆ, ಮೊದಲ ಏಟಿಗೇ ಪೈಪಿನಿಂದ ಅಕ್ಕಿ ಚಿಮ್ಮಿ ಅವರ ಮುಖಕ್ಕೆ! ನಾನು ಓಡಲು ಚಪ್ಪಲಿ ಹುಡುಕುತ್ತಿದ್ದೆ. ಮಾವ ಮಾತ್ರ ಗಂಭೀರವಾಗಿ, "ಅಕ್ಷತಿರಿ. ಎಲ್ಲಾ ಗಾಡಿಗೂ ಹಾಕಂಗಿಲ್ಲ" ಎಂದ. ಅವರು ಕಾರಿಗೆ ಕೈಮುಗಿದು ಖುಷಿಯಿಂದ ಹೋದರು.

ಇಂಥ ಮಾವನನ್ನು ಕಂಗೆಡಿಸಿದ್ದು ಎಂಟು ತಿಂಗಳ ಮೊಮ್ಮಗ. ಮಾವ ಮಗಳನ್ನು ಕೊಟ್ಟದ್ದು ಮರಿಯಮ್ಮನಹಳ್ಳಿಗೆ. ಅವಳ ಮನೆ ಲಾರಿ ರಸ್ತೆಗೇ ಅಂಟಿಕೊಂಡಿದೆ. ದಣಿವಾರಿಸಿಕೊಳ್ಳಲೆಂದು ಕೂಸು ಎತ್ತಿಕೊಂಡು ತವರಿಗೆ ಬಂದಳು. ಮಾವನ ಮನೆಯೋ ಟಿ.ಬಿ. ಡ್ಯಾಂ ಕಡೆ, ಗುಬ್ಬಿ ಕೆಮ್ಮಿದರೂ ಕೇಳುವಷ್ಟು ಶಾಂತ. ಅದಿರಿನ ಲಾರಿಗಳ ಗುಡುಗಿನಲ್ಲೇ ಬೆಳೆದ ಕೂಸು ಈ ಮೌನಕ್ಕೆ ಹೆದರಿ ಮೂರು ದಿನ ಕಣ್ಣು ಮುಚ್ಚಲಿಲ್ಲ. ತಾಯಿಗೂ ನಿದ್ದೆಯಿಲ್ಲ. ಸೋಮವಾರ ವಾಪಸ್ಸು ಹೋಗುತ್ತೇನೆ, ಲಾರಿ ಸದ್ದಿಗಾದರೂ ಮಲಗುತ್ತದೆ ಎಂದಳು. ಅವಳು ಬರಲೆಂದು ತಿಂಗಳುಗಟ್ಟಲೆ ದಾರಿ ಕಾದಿದ್ದ ಮಾವನ ಮುಖ ನೋಡಲಾಗಲಿಲ್ಲ.

"ಲಾರಿನ ಇಲ್ಲಿಗಿ ತರೋಣು" ಎಂದ.

ಮರುದಿನ ಮರಿಯಮ್ಮನಹಳ್ಳಿಗೆ ಹೋಗಿ, ಲಾರಿಗಳ ನಡುಕ ಹಿಡಿಯಲು ಬೀಗರ ಮನೆಯ ಗೋಡೆಗೆ ಅಂಗೈ ಒತ್ತಿ ಅರ್ಧ ದಿನ ನಿಂತನಂತೆ. ಬೀಗರು ಏನಂದುಕೊಂಡರೋ! ಕೆಂಧೂಳು ಮೆತ್ತಿಕೊಂಡು ಬಂದವನೇ ತನ್ನ ಹಳೆಯ ವ್ಯಾನಿಗೆ ಪೆಟ್ಟಿಗೆ ಕೊಯ್ಯತೊಡಗಿದ. ಸಿ.ಡಿ. ಅಂಗಡಿಯವನು ಯಾವ ಹಾಡು ಹಾಕಲಿ ಎಂದರೆ ಹಾಡು ಬೇಡ, ಬರೀ ಗುಂಯ್ ಎನ್ನುವ ಸದ್ದು ತುಂಬಿಕೊಡು ಎಂದನಂತೆ. ಶನಿವಾರ ಹಾಕಿ ನೋಡಿದರೆ ಕೂಸು ಬೆಚ್ಚಿಬಿದ್ದು ಊರು ಒಂದಾಗುವಂತೆ ಅತ್ತಿತು. ದನಿ ಲಾರಿಯಷ್ಟು ಕೆಳಗೆ ಇಳಿದಿರಲೇ ಇಲ್ಲ. ಮಾವ ತಲೆ ಹಿಡಿದು ಕೂತ. ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು: "ಪೈಪು ಇಡೋಕ ಮೊದ್ಲು ಅಕ್ಕಿ ಅಳದ್ರಿ. ಡಬರ್ಯಾಗ ದೊಡ್ಡ ಚೆಂಬು ಇಟ್ಟಮ್ಯಾಲೆ ಅಕ್ಕಿ ಅಷ್ಟ ಹಿಡಿತೈತೇನ್ರಿ?"

ಪೈಪು ತಿಂದ ಜಾಗವನ್ನು ಇಷ್ಟು ವರ್ಷ ಲೆಕ್ಕಕ್ಕೇ ಹಿಡಿಯಲಿಲ್ಲವಲ್ಲ ಎಂದು ಮಾವ ಹಣೆ ಬಡಿದುಕೊಂಡ. ಪೈಪನ್ನು ಇನ್ನಷ್ಟು ಉದ್ದ ಮಾಡಿದ. ಪೆಟ್ಟಿಗೆಯಲ್ಲಿ ಹಿಡಿಸದೆ ಎಲ್ಬೋ ಹಾಕಿ ಬಗ್ಗಿಸಿದ.

ಭಾನುವಾರ ಮಧ್ಯಾಹ್ನ ಮಗಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ವ್ಯಾನಿನಲ್ಲಿ ಕೂತಳು. ನಾಳೆ ಹೋಗುವ ಬ್ಯಾಗು ಪಡಸಾಲೆಯಲ್ಲಿ ತಯಾರಿತ್ತು. ಮಾವ ಸಣ್ಣಗೆ ಸದ್ದು ಬಿಟ್ಟ. ಕಿವಿಗೆ ಏನೂ ಕೇಳಿಸಿದಂತಿಲ್ಲ, ಸೀಟು ಮಾತ್ರ ಮೆಲ್ಲಗೆ ನಡುಗುತ್ತಿತ್ತು. ಕೂಸು ಅಳು ನಿಲ್ಲಿಸಿ ಅತ್ತಿತ್ತ ನೋಡಿತು. ಆಮೇಲೆ ತಾಯಿಯ ಸೆರಗು ಹಿಡಿದಿದ್ದ ಅದರ ಮುಷ್ಟಿ ಸಡಿಲಾಯಿತು.

ಹತ್ತು ನಿಮಿಷ ಬಿಟ್ಟು, ಕೂಸು ಮಲಗಿತು, ಬ್ಯಾಟರಿ ಇಳಿದೀತು, ಬಂದ್ ಮಾಡು ಎಂದು ಮಾವನ ಕಿವಿಯಲ್ಲಿ ಹೇಳಿದೆ.

"ಕೂಸಿನ ಸಲುವಾಗಿ ಅಲ್ಲಲೇ" ಎಂದ. "ನನ್ನ ಮಗಳನ್ನ ನೋಡು."

ಅವಳು ಕಿಟಕಿಗೆ ತಲೆ ಆನಿಸಿ, ಬಾಯಿ ತುಸು ತೆರೆದು, ಗಾಢವಾಗಿ ಮಲಗಿಬಿಟ್ಟಿದ್ದಳು. ಬಿಸಿಲು ನೇರ ಅವಳ ಮುಖದ ಮೇಲೆ ಬೀಳುತ್ತಿತ್ತು. ಮಾವ ಹೆಗಲ ಟವೆಲ್ಲು ತೆಗೆದು ಕಿಟಕಿಗೆ ಅಡ್ಡ ಹಿಡಿದು ನಿಂತ. ಅವನ ಕೈ ಸೋಲುವುದು ಕಂಡು, ನಾನೂ ಹೋಗಿ ಟವೆಲ್ಲಿನ ಇನ್ನೊಂದು ತುದಿ ಹಿಡಿದುಕೊಂಡೆ.