ಗುಡಾರದ ಕಥೆಗೆ ಸರ್ಕಾರದ ರುಜು

ಜನ ಏನನ್ನು ನೋಡಬಾರದು ಎಂದು ಸರ್ಕಾರ ತೀರ್ಮಾನಿಸಬೇಕಾದರೆ ಮೊದಲು ಯಾರಾದರೊಬ್ಬರು ಅದನ್ನು ನೋಡಲೇಬೇಕು. ಈ ಏರ್ಪಾಡು ಇರುವವರೆಗೆ ಇಂಥ ಪ್ರಸಂಗಗಳಿಗೆ ಕೊರತೆಯಿಲ್ಲ.

ನಾನು ಮಧುಗಿರಿಯ ಸಬ್‌ಡಿವಿಜನ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸಿನಿಮಾಕ್ಕೆ ಇನ್ನೂ ಮಾತು ಬಂದಿರಲಿಲ್ಲ. ಊರಿಂದೂರಿಗೆ ತಿರುಗುವ ಒಂದು ಸಿನಿಮಾ ಗುಡಾರ ನಮ್ಮ ಸೀಮೆಗೆ ಬಂತು. ಚಿತ್ರಕ್ಕೆ ಬೊಂಬಾಯಿಯ ಸೆನ್ಸಾರ್ ಸರ್ಟಿಫಿಕೇಟು ಇತ್ತು. ಆದರೂ ‘ಅಸಭ್ಯವಾಗಿದೆ’ ಎಂದು ಯಾರೋ ಹೆಸರಿಲ್ಲದ ಅರ್ಜಿ ಹಾಕಿದರು. ನಮ್ಮ ಕಚೇರಿಯ ಸಾಹೇಬರು ನನ್ನನ್ನು ಕರೆದರು.

“ನೀವು ಬಿ.ಎ. ಅಲ್ಲವೇನ್ರೀ? ಹೋಗಿ ನೋಡಿ. ಅಸಭ್ಯ ಇದ್ದರೆ ನಿಮಗೆ ಗೊತ್ತಾಗುತ್ತೆ.”

ನಾನು ಓದಿದ್ದು ತರ್ಕಶಾಸ್ತ್ರ. ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

೧. ಮಧುಗಿರಿಯ ಬಿಸಿಲು

ಸರ್ಕಾರಿ ಪರಿಶೀಲನೆ ಕಚೇರಿ ವೇಳೆಯಲ್ಲೇ ನಡೆಯಬೇಕೆಂದು ಹೆಡ್ ಮುನ್ಷಿಗಳು ಪಟ್ಟು ಹಿಡಿದರು. ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಗುಡಾರದ ಬಟ್ಟೆ ತೆಳು, ಮೇಲೆ ಸುಡುಬಿಸಿಲು.

“ಕತ್ತಲಾದ ಮೇಲೆ ಬನ್ನಿ ಸ್ವಾಮಿ, ಈಗ ಏನೂ ಕಾಣಾಕಿಲ್ಲ” ಎಂದ ಗುಡಾರದ ಯಜಮಾನ.

“ಐದು ಗಂಟೆಯ ಮೇಲೆ ನಾನು ಸರ್ಕಾರ ಅಲ್ಲಪ್ಪ” ಎಂದೆ.

ಯಂತ್ರ ತಿರುಗಿತು. ಎರಡು ಗಂಟೆ ಕಾಲ ಬಿಳಿಯ ಬಟ್ಟೆಯನ್ನು ನೋಡಿದೆ. ಒಂದು ಹಲ್ಲಿ ಅಡ್ಡ ಹಾದು ಹೋಯಿತು. ‘ಪರದೆಯ ಮೇಲೆ ಆಕ್ಷೇಪಿಸತಕ್ಕದ್ದೇನೂ ಕಾಣಲಿಲ್ಲ’ ಎಂದು ವರದಿ ಬರೆದೆ. ನಾನು ಸರ್ಕಾರಿ ಕೆಲಸದಲ್ಲಿ ಬರೆದ ಅತ್ಯಂತ ಪ್ರಾಮಾಣಿಕ ವಾಕ್ಯ ಅದು. ಸಾಹೇಬರು ಮೆಚ್ಚಿ ರುಜು ಹಾಕಿದರು.

೨. ಕೊರಟಗೆರೆಯ ತಂಗಿ

ಎರಡನೆಯ ಅರ್ಜಿ ಕೊರಟಗೆರೆಯಿಂದ ಬಂತು. ಈ ಸಲದ ದೂರು ಕಥೆ ಹೇಳುವವನ ಮೇಲೆ. ಪರದೆಯ ಮೇಲೆ ಬರುವ ಇಂಗ್ಲಿಷ್ ಅಕ್ಷರ ಓದಬಲ್ಲವರು ಗುಡಾರದ ಕಡೆ ಬರುತ್ತಿರಲಿಲ್ಲ. ಹಾಗಾಗಿ ಒಬ್ಬ ಮುದುಕ ಬೆತ್ತ ಹಿಡಿದು ಪಕ್ಕದಲ್ಲಿ ನಿಂತು, ಯಾರು ಯಾರಿಗೆ ಏನಾಗಬೇಕು, ಯಾಕೆ ಅಳುತ್ತಾರೆ ಎಂದೆಲ್ಲ ಹೇಳುತ್ತಿದ್ದ. ಈ ಬಾರಿ ಕತ್ತಲಾದ ಮೇಲೆ ಹೋದೆ. ಸ್ವಂತ ಕುತೂಹಲಕ್ಕೆ ಕಚೇರಿ ವೇಳೆಯ ಕಟ್ಟಿಲ್ಲ.

ತೋಟದಲ್ಲಿ ರಾಜಕುಮಾರ ಒಬ್ಬ ಹುಡುಗಿಯ ಕೈ ಹಿಡಿದ. ಮುಂದಿನ ಬೆಂಚಿನಲ್ಲಿ ಅರ್ಜಿ ಹಾಕುವ ವಯಸ್ಸಿನ ನಾಲ್ವರು ಕೂತಿದ್ದರು. ಮುದುಕ ಅವರ ಮುಖ ನೋಡಿ, “ಇವರಿಬ್ಬರೂ ಅಣ್ಣ ತಂಗಿ” ಎಂದುಬಿಟ್ಟ. ಹಿರಿಯರು ನೆಮ್ಮದಿಯಿಂದ ನಶ್ಯ ಏರಿಸಿದರು.

ಕಡೆಯ ಸುರುಳಿಯಲ್ಲಿ ಅಣ್ಣನಿಗೂ ತಂಗಿಗೂ ಮದುವೆಯಾಯಿತು.

ಗುಡಾರವೆಲ್ಲ ಎದ್ದು ನಿಂತಿತು. “ಇವಳು ಬೇರೆಯವಳು!” ಎಂದು ಮುದುಕ ಬೆತ್ತ ಎತ್ತಿ ಕೂಗಿದ. “ಮಂತ್ರಿ ಮಗಳು! ನೋಡಾಕೆ ಮಾತ್ರ ಅವಳಂಗೇ ಅವ್ಳೆ!”

ಜನ ಕೂತರು. ಒಬ್ಬ ಅಜ್ಜಿ ಕೂರಲಿಲ್ಲ.

“ಹಂಗಾದ್ರೆ ತಂಗಿ ಎತ್ಲಾಗೋದ್ಲು?”

“ಗಂಡನ ಮನೇಲವ್ಳೆ ಕಣಮ್ಮ.”

“ಒಡಹುಟ್ಟಿದೋನ ಮದುವೇಗೆ ಬರಾಕಾಗ್ಲಿಲ್ವಾ? ಕಳಸ ಹಿಡಿಯೋರ್ಯಾರು?”

“ಬಸುರಿ ಕಣಮ್ಮ. ದಿನ ತುಂಬೈತೆ.”

“ಅಂಗನ್ನು ಮತ್ತೆ” ಎಂದು ಅಜ್ಜಿ ಕೂತಳು.

ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದೆ. ಮಾರನೆಯ ದಿನ ಅಜ್ಜಿ ಗುಡಾರದ ಹತ್ತಿರ ಬಂದು, ಹೆರಿಗೆ ಸುಖವಾಗಿ ಆಯಿತೇ ಎಂದು ವಿಚಾರಿಸಿಕೊಂಡು ಹೋದದ್ದನ್ನು ಮಾತ್ರ ಬಿಟ್ಟೆ.

೩. ಸಿರಾದ ಮದುವೆ

ಸಾಹೇಬರ ಹುಕುಂ ಹೊರಟಿತು: ಹೇಳುವ ಕಥೆಯನ್ನೆಲ್ಲ ಬರೆದು ಮಂಜೂರು ಮಾಡಿಸಿಕೊಳ್ಳಬೇಕು, ಅದಕ್ಕಿಂತ ಒಂದು ಮಾತು ಹೆಚ್ಚಾದರೂ ಲೈಸೆನ್ಸು ರದ್ದು.

“ಇನ್ನೊಂದು ತಕರಾರು ಬಂದ್ರೆ ನಿನ್ನ ಬುಟ್ಬುಡ್ತೀನಿ, ನೋಡು” ಎಂದು ಯಜಮಾನ ಮುದುಕನಿಗೆ ನನ್ನೆದುರಿಗೇ ಹೇಳಿದ.

ಮುದುಕ ನನ್ನ ಕಡೆ ತಿರುಗಿದ. “ನಾಟಕದಾಗೆ ರಾಣಿ ಪಾರ್ಟು ಮಾಡ್ತಿದ್ದೆ ಸ್ವಾಮಿ. ಹಲ್ಲು ಬಿದ್ದ ರಾಣೀನ ಯಾರಿಟ್ಕೋತಾರೆ? ಇದೂ ಹೋದ್ರೆ ಅಳಿಯನ ಮನೆ ಜಗಲೀನೇ ಗತಿ.”

ಅವನಿಗೆ ಬರೆಯಲು ಬಾರದು. ಅವನು ಹೇಳಿದ, ನಾನು ಬರೆದೆ, ಸಾಹೇಬರು ತಿದ್ದಿದರು. ಮುದುಕ ಅದನ್ನು ನನ್ನ ಬಾಯಿಂದ ಕೇಳಿ ಕೇಳಿ ಗಟ್ಟಿ ಮಾಡಿದ.

ಸಿರಾದಲ್ಲಿ ಯಂತ್ರದವನು ಕಡೆಯ ಸುರುಳಿಯ ಬದಲು ನಡುವಿನದೊಂದನ್ನು ಏರಿಸಿದ. ಪರದೆಯ ಮೇಲೆ ಕತ್ತಿಗಳು ಝಳಪಿಸಿದವು. ಮುದುಕ ಬೆವರುತ್ತ ಹೇಳಿದ: “ಈಗ ಮಂಗಳವಾದ್ಯಗಳ ನಡುವೆ ಶುಭಲಗ್ನ ನೆರವೇರುತ್ತಿದೆ.”

“ಕ್ಯಾ ತಾತಾ, ಶಾದೀಲಿ ಕತ್ತಿ ಯಾಕೆ?” ಎಂದು ಅತ್ತರಿನ ಅಂಗಡಿಯ ಸಾಬರೊಬ್ಬರು ಕೇಳಿದರು.

“ಮಂಜೂರಾಗಿರೋದು ಮದುವೇನೇ ಸಾಬ್ರೇ, ನಾನೇನ್ ಮಾಡ್ಲಿ?”

ಮೂವರು ಇರಿತ ತಿಂದು ನೆಲಕ್ಕುರುಳಿದರು. ಮುದುಕ ಕಣ್ಣು ಮುಚ್ಚಿಕೊಂಡು ಮುಂದಿನ ವಾಕ್ಯ ಒಪ್ಪಿಸಿದ: “ಬಂಧುಗಳು ಭೋಜನ ಮುಗಿಸಿ ವಿಶ್ರಾಂತಿ ಪಡೆಯುತ್ತಿದ್ದಾರೆ.”

“ಅಡಿಗೆಯವನು ಯಾರು ಅಂತ ಹೇಳ್ಬುಡು ತಾತಾ,” ಎಂದರು ಅತ್ತರಿನವರು. “ನಮ್ಮ ಮನೇಗೆ ಕರೆಸೋದು ಬೇಡ.”

೪. ಪಾವಗಡದ ಮೌನ

ಸಿರಾದ ಸುದ್ದಿ ಸಾಹೇಬರಿಗೆ ಮುಟ್ಟಿತು. ಕೆಂಪು ಶಾಯಿ ತೆಗೆದುಕೊಂಡು, ತಪ್ಪಾಗಬಹುದಾದ ಮಾತನ್ನೆಲ್ಲ ಹೊಡೆದು ಹಾಕಿದರು. ಅರ್ಧ ಪುಟ ಉಳಿಯಿತು. “ಪಾವಗಡಕ್ಕೆ ನಾನೇ ಬರುತ್ತೇನೆ. ಲೈಸೆನ್ಸು ಇರಬೇಕೋ ಬೇಡವೋ, ಅಲ್ಲೇ ತೀರ್ಮಾನ” ಎಂದರು. ಸಿನಿಮಾ ನೋಡಿರದ ಅವರ ತಾಯಿ ತಾವೂ ಹೊರಟರು.

ಮುಂದೆ ಕುರ್ಚಿಯಲ್ಲಿ ಸಾಹೇಬರು, ಪಕ್ಕದಲ್ಲಿ ನಾನು, ಹಿಂದೆ ಹೆಂಗಸರ ಚಾಪೆಯ ಮೇಲೆ ಅವರ ತಾಯಿ. ಮುದುಕ ಅರ್ಧ ಪುಟವನ್ನು ಮೊದಲ ಸುರುಳಿಯಲ್ಲೇ ಮುಗಿಸಿ, ಕೈಕಟ್ಟಿ ನಿಂತ.

“ಚೆಪ್ಪು ತಾತಾ, ಹೇಳು! ಬಾಯಿ ಬಿದ್ದೋಯ್ತಾ?” ಎಂದು ಜನ ಕೂಗಿದರು. ಅವನು ಬೆತ್ತವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಸಾಹೇಬರು ತೃಪ್ತಿಯಿಂದ ತಲೆದೂಗಿದರು.

ಆಮೇಲೆ ಜನರೇ ಕಥೆ ಹೇಳತೊಡಗಿದರು. ತೆಲುಗಿನಲ್ಲಿ ಐದಾರು, ಕನ್ನಡದಲ್ಲೂ ಅಷ್ಟೇ. ಒಂದೊಂದೂ ಒಂದೊಂದು ಅರ್ಜಿಗೆ ಸಾಲುವಂಥದ್ದು.

“ಯಾರ್ರೀ ಅವರು? ಹೆಸರು ಬರ್ಕೊಳ್ಳಿ!” ಎಂದು ಸಾಹೇಬರು ನನಗೆ ಹೇಳಿದರು.

“ಹುಕುಂ ಗುಡಾರದ ನೌಕರರಿಗೆ ಮಾತ್ರ ಸಾರ್. ಟಿಕೆಟ್ ಕೊಂಡವರಿಗೆ ಅನ್ವಯಿಸೋದಿಲ್ಲ.”

ಅಷ್ಟರಲ್ಲಿ ಪರದೆಯ ಮೇಲೆ ರಾಣಿ ಮುನಿಸಿಕೊಂಡಳು. ರಾಜ ಅವಳೆದುರು ತಲೆ ತಗ್ಗಿಸಿ ನಿಂತ. ಹಿಂದಿನಿಂದ ಒಂದು ಕಂಚಿನ ಕಂಠ ಎದ್ದಿತು. ಉಳಿದ ಕಥೆಗಾರರೆಲ್ಲ ಸುಮ್ಮನಾದರು.

“ನಮ್ಮ ಪುಟ್ಟನೂ ಥೇಟ್ ಹೀಗೇ ಕಣ್ರಮ್ಮ. ಕಚೇರೀಲಿ ಹುಲಿ. ಮನೇಲಿ ಹೆಂಡತಿ ಕೆಮ್ಮಿದರೆ ಬಿಸಿನೀರಿನ ಲೋಟ ಹಿಡ್ಕೊಂಡು ಓಡ್ತಾನೆ.”

“ಪುಟ್ಟ ಅಂದ್ರೆ ಯಾರಮ್ಮ?”

“ಅದೇ, ಮುಂದೆ ಕುರ್ಚೀಲಿ ಕೂತಿಲ್ವೆ?”

ಇಡೀ ಗುಡಾರ ಪರದೆ ಬಿಟ್ಟು ಕುರ್ಚಿಯನ್ನು ನೋಡಿತು. ಅತ್ತ ರಾಜ ರಾಣಿಯ ಕಾಲ ಬಳಿ ಕುಳಿತ.

“ಇದೇನ್ ಮಹಾ,” ಎಂದು ತಾಯಿ ಮುಂದುವರಿಸಿದರು. “ಮೊನ್ನೆ ಶುಕ್ರವಾರ...”

ಸಾಹೇಬರು ಕುರ್ಚಿಯಿಂದ ಎದ್ದರು. “ಏನಯ್ಯಾ, ಸುಮ್ಮನೆ ನಿಂತಿದ್ದೀಯಾ! ಮಾತಾಡು!”

“ಮಂಜೂರಾದದ್ದು ಮುಗೀತು ಬುದ್ಧಿ.”

“ತೋಚಿದ್ದು ಹೇಳಯ್ಯಾ! ಅಮ್ಮನಿಗಿಂತ ಗಟ್ಟಿಯಾಗಿ ಹೇಳು!”

ಲೈಸೆನ್ಸಿಗೆ ಅಲ್ಲೇ, ಕುರ್ಚಿಯ ಕೈ ಮೇಲೆ ಕಾಗದ ಇಟ್ಟು ರುಜು ಬಿತ್ತು. ಷರತ್ತನ್ನು ಸಾಹೇಬರು ಹೇಳಿದರು, ನಾನು ಬರೆದುಕೊಂಡೆ: ‘ಕಥೆ ಹೇಳುವವನನ್ನು ಯಾವ ಕಾರಣಕ್ಕೂ ಕೆಲಸದಿಂದ ತೆಗೆಯಕೂಡದು, ಅವನು ಚಿತ್ರ ಮುಗಿಯುವವರೆಗೆ ಬಾಯಿ ಮುಚ್ಚತಕ್ಕದ್ದಲ್ಲ.’